ಆಫ್ರಿಕಾದಿಂದ ಅಮೆರಿಕದ ರಂಗಕ್ಕೆ: ನೇರ ದಾರಿ ಇರಲಿಲ್ಲ

ಪ್ರಶ್ನೆ: ಆಫ್ರಿಕನ್-ಅಮೆರಿಕನ್ ಮಾಡರ್ನ್ ಡ್ಯಾನ್ಸ್ ಅಂದರೆ ಆಫ್ರಿಕಾದ ಕುಣಿತವೇ ಅಮೆರಿಕದ ರಂಗಕ್ಕೆ ಬಂದದ್ದಾ?

ಕಪ್ಪು ಅಮೆರಿಕನ್ನರು ಇಪ್ಪತ್ತನೇ ಶತಮಾನದಲ್ಲಿ ಕಟ್ಟಿದ ಈ ರಂಗನೃತ್ಯದಲ್ಲಿ ಆಫ್ರಿಕಾ ದಟ್ಟವಾಗಿದೆ, ನಿಜ. ಆದರೆ ಗುಲಾಮರ ತೋಟ, ಚರ್ಚು, ಕೆರಿಬಿಯನ್ ದ್ವೀಪಗಳನ್ನೆಲ್ಲ ಹಾದು, ಬದಲಾಗುತ್ತಲೇ ಬಂದದ್ದು ಅದು.

1739ರಲ್ಲಿ ಸೌತ್ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡ್ರಮ್ ಬಾರಿಸುತ್ತ ದಂಗೆಯೆದ್ದರು. ಮರುವರ್ಷವೇ ಅಲ್ಲಿನ ಕಾನೂನು ಅವರ ಕೈಯಿಂದ ಡ್ರಮ್ ಕಿತ್ತುಕೊಂಡಿತು. ತಾಳ ಮಾತ್ರ ಮೈಯಲ್ಲೇ ಉಳಿಯಿತು: ಅಂಗೈ, ತೊಡೆ, ಎದೆ, ಹಿಮ್ಮಡಿಗಳೇ ವಾದ್ಯವಾದವು. ಪ್ರಾರ್ಥನೆಗೆ ಸೇರಿದವರು ಕೈತಟ್ಟುತ್ತ, ಹಾಡುತ್ತ ಅಪ್ರದಕ್ಷಿಣವಾಗಿ ಸುತ್ತುವ ‘ರಿಂಗ್ ಶೌಟ್’ ಆಚರಣೆಯನ್ನೇ ನೋಡಿ. ಪಾದ ಎಳೆದುಕೊಂಡೇ ಸಾಗಬೇಕು, ಒಂದು ಕಾಲು ಇನ್ನೊಂದನ್ನು ದಾಟಬಾರದು. ದಾಟಿದರೆ ಅದು ಕುಣಿತ, ದೇವರ ಮುಂದೆ ಕುಣಿಯುವುದು ತಪ್ಪು! ಆ ಕಟ್ಟುಪಾಡಿನೊಳಗೇ ಆಫ್ರಿಕಾದ ವೃತ್ತಾಕಾರದ ಕುಣಿತ ಉಳಿದುಕೊಂಡಿತು.

ಇದನ್ನೆಲ್ಲ ‘ರಕ್ತದಲ್ಲೇ ಬಂದದ್ದು’ ಎಂದು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಒಪ್ಪಿಗೆಯಿಲ್ಲ. ಅದು ಕಲಾವಿದರ ದುಡಿಮೆಯನ್ನು ಮರೆಸುತ್ತದೆ. ನರ್ತಕಿ, ನೃತ್ಯ ಸಂಯೋಜಕಿ ಕ್ಯಾಥರಿನ್ ಡನಮ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿದವರು. 1935ರಲ್ಲಿ ಫೆಲೋಶಿಪ್ ಪಡೆದು ಜಮೈಕಾ, ಮಾರ್ಟಿನಿಕ್, ಟ್ರಿನಿಡಾಡ್, ಹೈಟಿಗಳಿಗೆ ಹೋಗಿ ಅಲ್ಲಿನ ಕುಣಿತಗಳನ್ನು ಅಧ್ಯಯನ ಮಾಡಿದರು. ಆಫ್ರಿಕಾದ ಬೇರುಳ್ಳ ಹೈಟಿಯ ವೋಡೂ ಧರ್ಮದ ಆಚರಣೆಯಲ್ಲಿ ಬರುವ ‘ಯಾನ್ವಲೂ’ ಕುಣಿತದಲ್ಲಿ ಮಂಡಿ ಮಡಿಸಿ ಮುಂದಕ್ಕೆ ಬಾಗಿ, ಬೆನ್ನನ್ನು ಅಲೆಅಲೆಯಾಗಿ ಆಡಿಸುತ್ತಾರೆ. ಇಂಥ ಚಲನೆಗಳನ್ನು ಬ್ಯಾಲೆ ಶಿಸ್ತಿನ ಜೊತೆ ಸೇರಿಸಿ ಡನಮ್ ಒಂದು ಪಾಠಕ್ರಮವನ್ನೇ ಕಟ್ಟಿದರು. ಟ್ರಿನಿಡಾಡ್‌ನಲ್ಲಿ ಹುಟ್ಟಿದ ನರ್ತಕಿ ಪರ್ಲ್ ಪ್ರೈಮಸ್ ಜೀವಶಾಸ್ತ್ರದ ಪದವೀಧರೆ. 1943ರಲ್ಲೇ ಕಪ್ಪು ಜನರನ್ನು ಮರಕ್ಕೆ ನೇಣು ಹಾಕುವ ಕ್ರೌರ್ಯವನ್ನು ರಂಗಕ್ಕೆ ತಂದ ಆಕೆ, ಆಮೇಲೆ ಆಫ್ರಿಕಾಕ್ಕೇ ಹೋಗಿ ಕಲಿತು ಬಂದರು.

ಈ ಎಳೆಗಳೆಲ್ಲ ಒಟ್ಟಿಗೆ ಕಾಣಬೇಕಾದರೆ ಕಪ್ಪು ನೃತ್ಯ ಸಂಯೋಜಕ ಆಲ್ವಿನ್ ಏಯ್ಲಿಯ ‘ರೆವೆಲೇಶನ್ಸ್’ ನೋಡಿ. ನ್ಯೂಯಾರ್ಕ್‌ನಲ್ಲಿ 1960ರಲ್ಲಿ ಮೊದಲ ಪ್ರದರ್ಶನ ಕಂಡ ಕೃತಿ. ಅದರ ದೀಕ್ಷಾಸ್ನಾನದ ದೃಶ್ಯದಲ್ಲಿ ರಂಗದ ಉದ್ದಕ್ಕೂ ಹಿಡಿದ ನೀಲಿ, ಬಿಳಿ ಬಟ್ಟೆಯ ಪಟ್ಟಿಗಳೇ ನದಿ. ಬಿಳಿಯುಡುಗೆಯ ನರ್ತಕಿ ದೊಡ್ಡ ಬಿಳಿ ಕೊಡೆ ಹಿಡಿದು ಆ ನೀರಿಗಿಳಿಯುತ್ತಾಳೆ. ಹಾಡು ಗುಲಾಮರ ಕಾಲದ ಭಕ್ತಿಗೀತೆ, ನೆನಪು ಏಯ್ಲಿ ಬಾಲ್ಯದಲ್ಲಿ ಕಂಡ ಟೆಕ್ಸಸ್ ಚರ್ಚಿನದು. ಬೆನ್ನಿನ ಅಲೆಯಲ್ಲಿ ನನಗಂತೂ ಯಾನ್ವಲೂ ಕಾಣುತ್ತದೆ. ಏಯ್ಲಿ ಹುಡುಗನಾಗಿದ್ದಾಗಲೇ ಡನಮ್ ತಂಡದ ಪ್ರದರ್ಶನ ನೋಡಿ ಬೆರಗಾದವರು.

ಇನ್ನೊಂದು ಮೂಲವನ್ನೂ ಹೇಳಲೇಬೇಕು. ಏಯ್ಲಿ ನೃತ್ಯ ಕಲಿತದ್ದು ಲಾಸ್ ಏಂಜಲೀಸ್‌ನಲ್ಲಿ, ಲೆಸ್ಟರ್ ಹಾರ್ಟನ್ ಎಂಬ ಬಿಳಿಯ ಗುರುವಿನ ಬಳಿ. ಬೆನ್ನನ್ನು ಹಲಗೆಯಂತೆ ನೇರವಾಗಿ ಚಾಚುವುದು, ಒಂಟಿಕಾಲಲ್ಲಿ ನಿಂತು ಪಕ್ಕಕ್ಕೆ ವಾಲುವುದು ಹಾರ್ಟನ್ ಶಾಲೆಯ ಗುರುತು. ವರ್ಣಭೇದ ಬಿಗಿಯಾಗಿದ್ದ ಆ ಕಾಲದಲ್ಲೂ ಅವರ ತಂಡದಲ್ಲಿ ಕಪ್ಪು, ಬಿಳಿಯ, ಏಷ್ಯಾ ಮೂಲದ ನರ್ತಕರು ಒಟ್ಟಿಗೇ ಕುಣಿಯುತ್ತಿದ್ದರು.