ಫೋಟೋ ಡೌನ್‌ಲೋಡ್ ಆಗುತ್ತದೆ, ಲೋಗೋ ಕಾಣುವುದಿಲ್ಲ: ತಪ್ಪು ಎಲ್ಲಿದೆ?

ಪ್ರಶ್ನೆ: ನಮ್ಮದು ಮಂಡ್ಯ. ಆಲೆಮನೆ ಬೆಲ್ಲ ಮಾರುವ ಸಣ್ಣ ವೆಬ್‌ಸೈಟ್ ಇದೆ. ಹೋದ ವಾರ ಬೇರೆ ಸರ್ವರ್‌ಗೆ ಬದಲಾಯಿಸಿದೆವು. ಅವತ್ತಿನಿಂದ ಅಚ್ಚು ಬೆಲ್ಲ, ಉಂಡೆ ಬೆಲ್ಲದ ಫೋಟೋಗಳು ಪುಟದಲ್ಲಿ ಕಾಣುತ್ತವೆ. ಆದರೆ ಫೋಟೋ ಮೇಲೆ ಒತ್ತಿದರೆ ತೆರೆಯುವ ಬದಲು ಡೌನ್‌ಲೋಡ್ ಆಗುತ್ತದೆ. ಲೋಗೋ ಅಂತೂ ಕಾಣುವುದೇ ಇಲ್ಲ. ಎಲ್ಲವನ್ನೂ ಮತ್ತೆ ಅಪ್‌ಲೋಡ್ ಮಾಡಬೇಕಾ?

ಉತ್ತರ: ಬೇಡ. ಫೋಟೋಗಳನ್ನು ಸದ್ಯಕ್ಕೆ ಮುಟ್ಟಲೇಬೇಡಿ. ನೀವು ಹೇಳಿದ ಎರಡು ತೊಂದರೆಗೂ ಒಂದೇ ಕಾರಣ ಇರುವ ಹಾಗಿದೆ.

ಪೇಟೆಗೆ ಹೋಗುವ ಬೆಲ್ಲದ ಮೂಟೆಗೆ ಚೀಟಿ ಕಟ್ಟುತ್ತಾರಲ್ಲ, ಹಾಗೆಯೇ ಸರ್ವರ್ ಕೂಡ ಕಳುಹಿಸುವ ಪ್ರತಿ ಫೈಲಿಗೂ ಒಂದು ಚೀಟಿ ಕಟ್ಟುತ್ತದೆ. ಅದರ ಹೆಸರು ಕಂಟೆಂಟ್-ಟೈಪ್. ಜೆಪೆಗ್ ಫೋಟೋ ಆದರೆ ‘ಇಮೇಜ್/ಜೆಪೆಗ್’, ಪಿಎನ್‌ಜಿ ಆದರೆ ‘ಇಮೇಜ್/ಪಿಎನ್‌ಜಿ’. ಸರ್ವರ್ ಸಾಮಾನ್ಯವಾಗಿ ಮೂಟೆ ಬಿಚ್ಚಿ ನೋಡುವುದಿಲ್ಲ. ಫೈಲ್ ಹೆಸರಿನ ಕೊನೆಯ ಅಕ್ಷರಗಳನ್ನು (ಜೆಪಿಜಿ, ಪಿಎನ್‌ಜಿ ಹೀಗೆ) ನೋಡಿ, ತನ್ನ ಪಟ್ಟಿಯಲ್ಲಿ ಹುಡುಕಿ ಚೀಟಿ ಬರೆಯುತ್ತದೆ. ಪಟ್ಟಿಯಲ್ಲಿ ಸಿಗದಿದ್ದರೆ ಎಷ್ಟೋ ಸರ್ವರ್‌ಗಳು ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎಂದು ಬರೆದುಬಿಡುತ್ತವೆ. ಅಂದರೆ, ಏನೋ ಒಂದಿಷ್ಟು ಬೈಟು, ಏನೆಂದು ಗೊತ್ತಿಲ್ಲ.

ಪುಟದ ಒಳಗೆ ಫೋಟೋ ಇದ್ದಾಗ ಬ್ರೌಸರ್ ಈ ಚೀಟಿಯನ್ನು ಪೂರ್ತಿ ನಂಬುವುದಿಲ್ಲ. ಮೊದಲ ಕೆಲವು ಬೈಟುಗಳನ್ನು ಮೂಸಿ ನೋಡುತ್ತದೆ. ಜೆಪೆಗ್ ಫೈಲ್ ಶುರುವಾಗುವುದು ‘ಎಫ್‌ಎಫ್ ಡಿ8 ಎಫ್‌ಎಫ್’ ಎಂಬ ಬೈಟುಗಳಿಂದ. ಅದು ಸಿಕ್ಕರೆ ಸಾಕು, ಚೀಟಿ ತಪ್ಪಿದ್ದರೂ ಚಿತ್ರ ತೋರಿಸುತ್ತದೆ. ಅದಕ್ಕೇ ನಿಮ್ಮ ಬೆಲ್ಲ ಕಾಣುತ್ತಿದೆ. ಫೋಟೋವನ್ನೇ ನೇರವಾಗಿ ತೆರೆದರೆ ಮಾತ್ರ ಚೀಟಿಗೆ ಬೆಲೆ ಕೊಟ್ಟು ಡೌನ್‌ಲೋಡ್ ಮಾಡುತ್ತದೆ.

ಲೋಗೋ ಯಾಕೆ ಕಾಣುವುದಿಲ್ಲ? ಅದು ಬಹುಶಃ ಎಸ್‌ವಿಜಿ ಫೈಲ್. ಎಸ್‌ವಿಜಿ ಅಂದರೆ ಅಕ್ಷರಗಳಲ್ಲಿ ಬರೆದ ಚಿತ್ರ. ಅದರಲ್ಲಿ ಮೂಸಿ ಗುರುತಿಸುವಂಥ ಬೈಟುಗಳಿಲ್ಲ. ಚೀಟಿಯಲ್ಲಿ ‘ಇಮೇಜ್/ಎಸ್‌ವಿಜಿ+ಎಕ್ಸ್‌ಎಂಎಲ್’ ಎಂದೇ ಇರಬೇಕು. ಇಲ್ಲದಿದ್ದರೆ ಬ್ರೌಸರ್ ತೋರಿಸುವುದಿಲ್ಲ.

ಇದನ್ನು ಊಹಿಸುತ್ತಾ ಕೂರಬೇಡಿ, ಕಣ್ಣಾರೆ ನೋಡಿ. ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಭಾಗ ತೆರೆದು ಪುಟವನ್ನು ರಿಫ್ರೆಶ್ ಮಾಡಿ. ಲೋಗೋ ಹೆಸರಿನ ಮೇಲೆ ಒತ್ತಿದರೆ ಹೆಡರ್‌ಗಳಲ್ಲಿ ಕಂಟೆಂಟ್-ಟೈಪ್ ಸಾಲು ಸಿಗುತ್ತದೆ.

ಅಲ್ಲಿ ಆಕ್ಟೆಟ್-ಸ್ಟ್ರೀಮ್ ಇದ್ದರೆ ಪಟ್ಟಿಯದೇ ತೊಂದರೆ. ಎನ್‌ಜಿನ್‌ಎಕ್ಸ್ ಸರ್ವರ್ ಆದರೆ ಈ ಪಟ್ಟಿ ಇರುವ ‘ಮೈಮ್.ಟೈಪ್ಸ್’ ಫೈಲನ್ನು ಸೇರಿಸುವ ಸಾಲು ಸೆಟ್ಟಿಂಗ್‌ನಲ್ಲಿ ಇದೆಯಾ ನೋಡಿ. ಇನ್ನೊಂದು ಮೋಸ ಇದೆ, ಇದರಲ್ಲಿ ಜಾಸ್ತಿ ಜನ ಬೀಳುತ್ತಾರೆ. ಹೊಸದೊಂದು ಬಗೆ ಸೇರಿಸೋಣ ಎಂದು ಸೆಟ್ಟಿಂಗ್‌ನ ಒಳಗಿನ ಯಾವುದೋ ಭಾಗದಲ್ಲಿ ತಮ್ಮದೇ ‘ಟೈಪ್ಸ್’ ಬರೆಯುತ್ತಾರೆ. ಅದು ಹಳೆಯ ಪಟ್ಟಿಗೆ ಸೇರುವುದಿಲ್ಲ, ಆ ಭಾಗದ ಮಟ್ಟಿಗೆ ಹಳೆಯ ಪಟ್ಟಿಯನ್ನೇ ಅಳಿಸಿಹಾಕುತ್ತದೆ! ಅಪಾಚೆ ಸರ್ವರ್ ಆದರೆ ಪಟ್ಟಿಯಲ್ಲಿ ಇಲ್ಲದ ಪ್ರತಿ ಬಗೆಗೂ ‘ಆಡ್‌ಟೈಪ್’ ಸಾಲು ಒಂದು ಸೇರಿಸಿದರೆ ಸಾಕು.

ಅಲ್ಲಿ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಇದ್ದರೆ ಕಥೆಯೇ ಬೇರೆ. ಬಂದಿರುವುದು ಚಿತ್ರವೇ ಅಲ್ಲ, ಒಂದು ಪುಟ. ಮೈಸೂರಿನ ಗೆಳೆಯರೊಬ್ಬರ ಸೈಟಿನಲ್ಲಿ ಇದೇ ಆಗಿ ನಾನು ಇಡೀ ಸಂಜೆ ಚೀಟಿಯ ಪಟ್ಟಿಯನ್ನೇ ತಿದ್ದುತ್ತಾ ಕೂತಿದ್ದೆ. ಫೈಲ್ ಹೆಸರಿನ ಕೊನೆಯಲ್ಲಿ ‘ಜೆಪಿಜಿ’ ದೊಡ್ಡಕ್ಷರದಲ್ಲಿತ್ತು, ಪುಟದಲ್ಲಿ ಚಿಕ್ಕಕ್ಷರದಲ್ಲಿ ಬರೆದಿತ್ತು. ವಿಂಡೋಸ್‌ಗೆ ಎರಡೂ ಒಂದೇ. ಸರ್ವರ್‌ಗಳಲ್ಲಿ ಹೆಚ್ಚಾಗಿ ಇರುವ ಲಿನಕ್ಸ್‌ಗೆ ಬೇರೆ ಬೇರೆ. ಫೈಲ್ ಸಿಗದೆ ಸರ್ವರ್ 404 (ಫೈಲ್ ಸಿಗಲಿಲ್ಲ) ಎನ್ನುವ ಬದಲು ಮುಖಪುಟವನ್ನೇ 200 (ಎಲ್ಲ ಸರಿ) ಎಂಬ ಗುರುತಿನ ಜೊತೆ ಕಳುಹಿಸುತ್ತಿತ್ತು. ಅದಕ್ಕೇ ಕಂಟೆಂಟ್-ಟೈಪ್ ಜೊತೆ ಈ ಸಂಖ್ಯೆಯನ್ನೂ ನೋಡಿ ಅಂತೀನಿ.

ದಯವಿಟ್ಟು ಫೈಲಿನ ಹೆಸರು ಬದಲಿಸಿ ಸರಿಮಾಡಲು ಹೋಗಬೇಡಿ. ವೆಬ್‌ಪಿ (ಜೆಪೆಗ್‌ನಂತೆ ಚಿತ್ರದ ಇನ್ನೊಂದು ಬಗೆ) ಫೋಟೋಗೆ ಸುಮ್ನೆ ಜೆಪಿಜಿ ಅಂತ ಹೆಸರಿಟ್ಟರೆ ಒಳಗಿರುವುದು ವೆಬ್‌ಪಿಯೇ. ಬ್ರೌಸರ್ ಹೇಗೋ ತೋರಿಸುತ್ತದೆ. ಅದೇ ಫೈಲನ್ನು ಪ್ಯಾಕೆಟ್ ಲೇಬಲ್ ಮಾಡಿಸಲು ಪ್ರಿಂಟಿಂಗ್ ಪ್ರೆಸ್‌ಗೆ ಕೊಟ್ಟರೆ, ಅವರ ಹಳೆಯ ಸಾಫ್ಟ್‌ವೇರ್‌ನಲ್ಲಿ ತೆರೆಯದೇ ಹೋಗಬಹುದು.

ತಿದ್ದಿದ ಮೇಲೆ ಸರ್ವರ್ ರೀಲೋಡ್ ಮಾಡಿ. ಆಮೇಲೂ ಹಳೆಯದೇ ಬಂದರೆ ಗಾಬರಿ ಬೇಡ. ಬ್ರೌಸರ್ ಅಥವಾ ಸಿಡಿಎನ್ (ಫೈಲ್‌ಗಳ ಪ್ರತಿ ಇಟ್ಟುಕೊಂಡು ಹತ್ತಿರದಿಂದ ಕಳುಹಿಸುವ ಸರ್ವರ್‌ಗಳ ಜಾಲ) ಹಳೆಯ ಚೀಟಿಯನ್ನು ಫೋಟೋ ಜೊತೆಗೇ ಕೂಡಿಟ್ಟುಕೊಂಡಿರುತ್ತದೆ. ನೆಟ್‌ವರ್ಕ್ ಭಾಗದಲ್ಲೇ ಕ್ಯಾಶ್ (ಹೀಗೆ ಕೂಡಿಟ್ಟ ಪ್ರತಿ) ಬಳಸುವುದನ್ನು ನಿಲ್ಲಿಸುವ ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ ಇನ್ನೊಮ್ಮೆ ನೋಡಿ. ಸಿಡಿಎನ್ ಬಳಸುತ್ತಿದ್ದರೆ ಅಲ್ಲಿನ ಕ್ಯಾಶ್ ಕೂಡ ಅಳಿಸಿ. ಆಗಲೂ ಲೋಗೋ ಬರದಿದ್ದರೆ ಕಂಟೆಂಟ್-ಟೈಪ್ ಸಾಲು ಮತ್ತು ಆ ಸಂಖ್ಯೆ, ಇವೆರಡನ್ನು ನನಗೆ ಬರೆದು ಕಳುಹಿಸಿ.