ನಿಂಬೆ-ಮೆಣಸು ಕಟ್ಟದ ಅಂಗಡಿಯ ಲೆಕ್ಕ

ಶನಿವಾರ ಬೆಳಿಗ್ಗೆ ಮುಂಬೈ ಕಡೆಯ ಮಾಟುಂಗಾ, ಮುಲುಂಡ್, ಡೊಂಬಿವಿಲಿ, ಎಲ್ಲಿಗೆ ಬೇಕಾದರೂ ಹೋಗಿ. ಅಂಗಡಿಯ ಶಟರ್ ಮೇಲೇರುವ ಹೊತ್ತಿಗೆ ನಿಂಬೆ-ಮೆಣಸಿನವನು ಹಾಜರಿರುತ್ತಾನೆ. ಒಂದು ನಿಂಬೆ, ಏಳು ಹಸಿಮೆಣಸು, ಕೆಲವು ಸಲ ತುದಿಗೆ ಇದ್ದಿಲಿನ ಚೂರು. ಹಳೆಯದನ್ನು ಬಿಚ್ಚಿ ರಸ್ತೆಗೆ ಎಸೆದು, ಹೊಸದನ್ನು ಕಟ್ಟಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಎಸೆದದ್ದನ್ನು ಯಾರೂ ತುಳಿಯುವುದಿಲ್ಲ, ಲೋಕಲ್ ಟ್ರೇನ್ ಹಿಡಿಯಲು ಓಡುವವರೂ ಪಕ್ಕಕ್ಕೆ ಕಾಲಿಡುತ್ತಾರೆ. ನಮ್ಮವರ ಉಡುಪಿ ಹೋಟೆಲಿಗೂ ಒಂದು, ಪಕ್ಕದ ಗುಜರಾತಿ ಅಂಗಡಿಗೂ ಒಂದು. ಲಕ್ಷ್ಮಿಯ ಅಕ್ಕ ಅಲಕ್ಷ್ಮಿಗೆ ಹುಳಿ-ಖಾರ ಅಂದರೆ ಪ್ರಾಣ, ಹೊಸ್ತಿಲಲ್ಲೇ ತಿಂದು ಹೊಟ್ಟೆ ತುಂಬಿಸಿಕೊಂಡು ಒಳಗೆ ಬಾರದೆ ಹೋಗಿಬಿಡುತ್ತಾಳೆ ಅನ್ನುವುದು ಇದರ ಹಿಂದಿನ ಕಥೆ. ಚೆಂದದ ಕಥೆ. ಅದರ ಮೇಲೆ ನನಗೆ ತಕರಾರಿಲ್ಲ.

ತಕರಾರು ಇರುವುದು ವಾಟ್ಸಾಪಿನಲ್ಲಿ ಓಡಾಡುವ ಇನ್ನೊಂದು ಕಥೆಯ ಮೇಲೆ. ಹತ್ತಿಯ ದಾರ ನಿಂಬೆಯ ರಸ ಹೀರಿಕೊಂಡು ವಿಟಮಿನ್ ಸಿಯನ್ನು ಗಾಳಿಗೆ ಬಿಡುತ್ತದಂತೆ, ಉಸಿರಾಡಿದವರಿಗೆ ಆರೋಗ್ಯವಂತೆ. ‘ಹಿರಿಯರು ಸುಮ್ನೆ ಮಾಡಿದ್ದಲ್ಲ’ ಅನ್ನುವ ಒಗ್ಗರಣೆ ಬೇರೆ. ವಿಟಮಿನ್ ಸಿ ಹಾಗೆ ಆವಿಯಾಗುವ ವಸ್ತುವೇ ಅಲ್ಲ. ಅದೊಂದು ಬಿಳಿ ಹರಳು. ಕಾಯಿಸಿದರೆ ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಡೆದು ಹಾಳಾಗುತ್ತದೆ. ಮೂಗಿಗೆ ಬರುವ ನಿಂಬೆಯ ಘಮ ಸಿಪ್ಪೆಯಲ್ಲಿರುವ ಎಣ್ಣೆಯದು, ವಿಟಮಿನ್‌ನದಲ್ಲ. ಸಂಪ್ರದಾಯವನ್ನು ಉಳಿಸುತ್ತೇವೆ ಅಂತ ವಿಜ್ಞಾನದ ಹೆಸರಲ್ಲಿ ಸುಳ್ಳು ಹೇಳುವುದು ಎರಡಕ್ಕೂ ಮಾಡುವ ಅವಮಾನ.

ಇಲ್ಲಿ ವಿಜ್ಞಾನ ಖಂಡಿತ ಇದೆ. ಅದನ್ನು ಹುಡುಕಬೇಕಾದ್ದು ಕಟ್ಟಿಸಿಕೊಳ್ಳುವವರ ತಲೆಯಲ್ಲಿ.

1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಎಂಟು ಪಾರಿವಾಳಗಳ ಪ್ರಯೋಗವೊಂದನ್ನು ಪ್ರಕಟಿಸಿದರು. ಹಸಿದ ಹಕ್ಕಿಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಬಿಟ್ಟು, ನಿಗದಿತ ಹೊತ್ತಿಗೊಮ್ಮೆ ಕಾಳು ಕೊಟ್ಟರು. ಹಕ್ಕಿ ಏನು ಮಾಡಿದರೂ ಕಾಳು ಬರುತ್ತದೆ, ಏನೂ ಮಾಡದಿದ್ದರೂ ಬರುತ್ತದೆ. ಆದರೂ ಎಂಟರಲ್ಲಿ ಆರು ಹಕ್ಕಿಗಳು ಒಂದೊಂದು ‘ಆಚರಣೆ’ ಹಿಡಿದುಕೊಂಡವು. ಒಂದು ಅಪ್ರದಕ್ಷಿಣೆ ಸುತ್ತುತ್ತಿತ್ತು. ಇನ್ನೊಂದು ಪೆಟ್ಟಿಗೆಯ ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಕಾಳು ಬಿದ್ದ ಗಳಿಗೆಯಲ್ಲಿ ಏನು ಮಾಡುತ್ತಿದ್ದೆನೋ ಅದರಿಂದಲೇ ಕಾಳು ಬಂತು ಅನ್ನುವ ನಂಟು ಬೆಳೆದಿರಬೇಕು ಎಂದರು ಸ್ಕಿನ್ನರ್. 1971ರಲ್ಲಿ ಸ್ಟ್ಯಾಡನ್ ಮತ್ತು ಸಿಮೆಲ್‌ಹಾಗ್ ಇಂಥದ್ದೇ ಪ್ರಯೋಗ ಮಾಡಿ ನೋಡಿದಾಗ, ಕಾಳು ಬರುವ ಹೊತ್ತು ಹತ್ತಿರವಾದಂತೆ ಹಕ್ಕಿಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕುಕ್ಕುತ್ತಿದ್ದವು. ಹಾಗಾಗಿ ಸ್ಕಿನ್ನರ್ ವಿವರಣೆಯನ್ನು ಪೂರ್ತಿ ನಂಬುವಂತಿಲ್ಲ. ಆದರೆ ಮನುಷ್ಯರ ಮೇಲೆ ನಡೆದ ಪ್ರಯೋಗವೂ ಇದೆ. 1987ರಲ್ಲಿ ಜಪಾನಿನ ಕೊಯಿಚಿ ಓನೋ 20 ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಮೂರು ಹಿಡಿಕೆಗಳ ಮುಂದೆ ಕೂರಿಸಿದರು. ಅಂಕಗಳು ತಮ್ಮಷ್ಟಕ್ಕೆ ಬರುತ್ತಿದ್ದವು, ಹಿಡಿಕೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಬ್ಬರಂತೂ ಮೇಜಿನ ಮೇಲೆ ಹತ್ತಿದರು, ಕೆಳಗೆ ಹಾರಿದರು, ಕೊನೆಗೆ ಚಪ್ಪಲಿ ಕೈಯಲ್ಲಿ ಹಿಡಿದು ಚಾವಣಿ ಮುಟ್ಟಲು ನೆಗೆಯತೊಡಗಿದರು. ಸುಸ್ತಾಗುವ ತನಕ!

ಓದಿದವರೂ ಯಾಕೆ ಹೀಗೆ? ಹಗ್ಗವನ್ನು ಹಾವು ಅಂದುಕೊಂಡರೆ ಒಮ್ಮೆ ಬೆಚ್ಚಿಬೀಳುತ್ತೇವೆ ಅಷ್ಟೆ. ಹಾವನ್ನು ಹಗ್ಗ ಅಂದುಕೊಂಡರೆ ಜೀವವೇ ಹೋಗಬಹುದು. ಎರಡು ತಪ್ಪುಗಳ ಬೆಲೆ ಒಂದೇ ಅಲ್ಲ. ಆದ್ದರಿಂದ ಇಲ್ಲದ ನಂಟನ್ನು ಕಾಣುವ ಕಡೆಗೇ ನಮ್ಮ ಮಿದುಳು ವಾಲುತ್ತದೆ. ಒಂದು ನಿಂಬೆ, ಏಳು ಮೆಣಸು ಕಟ್ಟಿಸುವುದಕ್ಕೆ ಎಷ್ಟು ಖರ್ಚಾದೀತು? ಕಟ್ಟಿಸದೆ ವ್ಯಾಪಾರ ಬಿದ್ದರೆ? ಟ್ಯಾಕ್ಸಿಯವನು ದಿನದ ಬೋಣಿಯ ನೋಟನ್ನು ಸ್ಟಿಯರಿಂಗಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವುದೂ ಇದೇ ಲೆಕ್ಕದಲ್ಲಿ. ಮುಂದಿನ ಗಿರಾಕಿ ಸಿಗುವುದು ಅವನ ಕೈಯಲ್ಲಿಲ್ಲ.

ಕೈಯಲ್ಲಿ ಇಲ್ಲದ್ದು ಜಾಸ್ತಿಯಾದಷ್ಟೂ ಆಚರಣೆಯೂ ಜಾಸ್ತಿ. ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಇದನ್ನು ಗಮನಿಸಿದರು. ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯಲು ಅಲ್ಲಿನವರಿಗೆ ಮಂತ್ರ ಬೇಕಿರಲಿಲ್ಲ. ತೆರೆದ ಕಡಲಿಗೆ ಹೊರಟಾಗ ಮಾತ್ರ ಮಂತ್ರಗಳ ಸಾಲೇ ಇರುತ್ತಿತ್ತು. ನಮ್ಮ ಕಡಲನ್ನೇ ನೋಡಿ. ವರ್ಲಿ, ವರ್ಸೋವಾದ ಕೋಳಿ ಸಮುದಾಯದ ಮೀನುಗಾರರು ಶ್ರಾವಣದ ನಾರಳಿ ಪೂರ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಡುತ್ತಾರೆ. ನಮ್ಮ ಕರಾವಳಿಯ ಮೊಗವೀರರು ಹಾಲೆರೆದು ಸಮುದ್ರಪೂಜೆ ಮಾಡುತ್ತಾರೆ. ಮಳೆಗಾಲದ ಕಡಲಿಗೆ ಇಳಿಯಬಾರದು, ಕಾಯಬೇಕು ಅನ್ನುವ ಅನುಭವ ಈ ಹಬ್ಬದೊಳಗೆ ಸೇರಿಕೊಂಡಿದೆ. ಸರ್ಕಾರವೂ ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆ ನಿಷೇಧಿಸುತ್ತದೆ. ಇಂಥ ಆಚರಣೆಯನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ, ಯಾವುದು ಇಲ್ಲ ಅಂತ ತಿಳಿಯುವುದು ಹೇಗೆ? ಹೋಟೆಲ್ ಬಿಲ್ಲಿನ ಹಿಂದೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆಯಿರಿ. ನಾಲ್ಕು ಮನೆ ಆಯಿತು. ಒಂದರಲ್ಲಿ, ನಿಂಬೆ ಕಟ್ಟಿ ವ್ಯಾಪಾರ ಚೆನ್ನಾಗಿ ಆದ ದಿನಗಳು. ಎರಡರಲ್ಲಿ, ಕಟ್ಟಿಯೂ ಆಗದ ದಿನಗಳು. ಮೂರರಲ್ಲಿ, ಕಟ್ಟದೆಯೂ ಆದವು. ನಾಲ್ಕರಲ್ಲಿ, ಕಟ್ಟದೆ ಆಗದವು. ಗಲ್ಲಾದ ಮೇಲೆ ಕೂತ ಅಣ್ಣನಿಗೆ ಮೊದಲ ಮನೆ ಚೆನ್ನಾಗಿ ನೆನಪಿರುತ್ತದೆ. ಎರಡನೆಯದಕ್ಕೆ ಮಳೆ, ಬಂದ್, ದೃಷ್ಟಿ ಅಂತ ಏನೋ ಒಂದು ಕಾರಣ ಸಿಗುತ್ತದೆ. ಮೂರು, ನಾಲ್ಕು ಖಾಲಿ, ಯಾಕಂದರೆ ಕಟ್ಟದ ಶನಿವಾರವೇ ಇಲ್ಲವಲ್ಲ! ನಾಲ್ಕೂ ಮನೆ ತುಂಬಿ, ಕಟ್ಟಿದ ಸಾಲನ್ನೂ ಕಟ್ಟದ ಸಾಲನ್ನೂ ಹೋಲಿಸಿದರೆ ಮಾತ್ರ ನಿಂಬೆಗೆ ಶಕ್ತಿ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಮೊದಲ ಮನೆ ಎಷ್ಟೇ ತುಂಬಿ ತುಳುಕಿದರೂ ಅದೊಂದರಿಂದ ಏನೂ ಸಾಬೀತಾಗುವುದಿಲ್ಲ.

ಈ ನಾಲ್ಕು ಮನೆಗಳನ್ನು ಮುಂಬೈಯಲ್ಲೇ ಒಬ್ಬರು ತುಂಬಿ ತೋರಿಸಿದ್ದರು. 1896ರಲ್ಲಿ ಊರಿಗೆ ಪ್ಲೇಗ್ ಬಂತು. ಸೂಕ್ಷ್ಮಜೀವಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳು ಬೈಕಲಾ ಜೈಲಿನಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರ ಲೆಕ್ಕವನ್ನೂ ಇಟ್ಟರು. ಅದೇ ಜೈಲು, ಅದೇ ಊಟ, ಅದೇ ರೋಗ. ಲಸಿಕೆ ಪಡೆದವರಲ್ಲಿ ಪ್ಲೇಗ್ ಕಡಿಮೆ ಬಂತು. ಹಾಫ್ಕಿನ್ ಹೆಸರಿನ ಸಂಸ್ಥೆ ಇವತ್ತೂ ಪರೇಲ್‌ನಲ್ಲಿದೆ.

ನನ್ನ ಆತಂಕ ಇರುವುದು ನಿಂಬೆಯ ಬಗ್ಗೆ ಅಲ್ಲ, ಹಾವಿನ ಮಂತ್ರದ ಬಗ್ಗೆ. ನಮ್ಮಲ್ಲಿ ಹೆಚ್ಚಿನ ಹಾವುಗಳಿಗೆ ವಿಷವಿಲ್ಲ. ನಾಗರಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಹಾಗಾಗಿ ಮಂತ್ರವಾದಿಯ ಮೊದಲ ಮನೆ ತಾನಾಗಿಯೇ ತುಂಬುತ್ತದೆ. ಬದುಕಿದವರು ಊರೆಲ್ಲ ಹೇಳಿಕೊಂಡು ಬರುತ್ತಾರೆ, ಸತ್ತವರ ಪಾಲಿಗೆ ಹಣೆಬರಹ. ಇಂಥದ್ದರ ವಿರುದ್ಧ ವರ್ಷಗಟ್ಟಲೆ ದುಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಬಂದ ಮಹಾರಾಷ್ಟ್ರದ ಕಾಯ್ದೆಯಲ್ಲಿ, ಹಾವು, ನಾಯಿ, ಚೇಳು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ-ತಂತ್ರ ಮಾಡುವುದು ಅಪರಾಧ. ಊರಿನಿಂದ ಯಾರಾದರೂ ಫೋನ್ ಮಾಡಿ ಹಾವು ಕಚ್ಚಿದೆ ಅಂದರೆ ಇಷ್ಟು ಹೇಳಿ: ಗಾಯ ಕೊಯ್ಯಬೇಡಿ, ಬಾಯಿಂದ ವಿಷ ಹೀರಬೇಡಿ, ಬಿಗಿಯಾಗಿ ದಾರ ಕಟ್ಟಬೇಡಿ, ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕಚ್ಚಿದ ಕೈ-ಕಾಲು ಅಲುಗದಂತೆ ಇಟ್ಟುಕೊಂಡು, ಪ್ರತಿವಿಷ ಇರುವ ಆಸ್ಪತ್ರೆಗೆ ಕೂಡಲೇ ಕರೆದುಕೊಂಡು ಹೋಗಿ.