ಅಡಿಗಲ್ಲು ಒಂದಕ್ಕೆ, ಎದ್ದಿದ್ದು ಇನ್ನೊಂದು

1951ರ ಜುಲೈ 13ರಂದು ನೆಹರೂ ಬೆಂಗಳೂರಿನಲ್ಲಿ ಅಡಿಗಲ್ಲು ಹಾಕಿದರಲ್ಲ, ಅದು ಇವತ್ತು ನಾವು ನೋಡುವ ವಿಧಾನಸೌಧಕ್ಕಲ್ಲ. ಆಗ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ. ಅವರ ಸರ್ಕಾರದ ಮನಸ್ಸಿನಲ್ಲಿದ್ದದ್ದು ಸರಳವಾದ, ಕಡಿಮೆ ಖರ್ಚಿನ ಕಟ್ಟಡ. ಸಚಿವಾಲಯ ಅಠಾರ ಕಚೇರಿಯಲ್ಲಿ, ಅಂದರೆ ಈಗಿನ ಹೈಕೋರ್ಟ್ ಕಟ್ಟಡದಲ್ಲಿ, ನಡೆಯುತ್ತಿತ್ತು, ಜಾಗ ಸಾಲುತ್ತಿರಲಿಲ್ಲ. ಬೇಕಿದ್ದದ್ದು ಜಾಗ, ಅಷ್ಟೇ.

1952ರಲ್ಲಿ ಕೆಂಗಲ್ ಹನುಮಂತಯ್ಯ ಬಂದರು, ನಕ್ಷೆಯೇ ಬದಲಾಯಿತು. ರಷ್ಯಾದಿಂದ ಬಂದ ಅತಿಥಿಗಳು ಊರು ನೋಡಿ, 'ಇಲ್ಲಿ ಬರೀ ಯುರೋಪಿನ ಕಟ್ಟಡಗಳೇ ಇವೆಯಲ್ಲ, ನಿಮ್ಮದೇ ಅನ್ನೋದು ಏನೂ ಇಲ್ವಾ' ಅಂತ ಕೇಳಿದ್ದು ಅವರಿಗೆ ನಾಟಿತ್ತಂತೆ. ಈ ಕಥೆ ಎಷ್ಟು ನಿಜವೋ, ಎದುರಿಗಿದ್ದ ಅಠಾರ ಕಚೇರಿಯನ್ನು ನೋಡಿದರೆ ಸುಳ್ಳು ಅನ್ನಿಸುವುದಿಲ್ಲ. ಬ್ರಿಟಿಷರು 1868ರಲ್ಲಿ ಮುಗಿಸಿದ ಆ ಕೆಂಪು ಕಟ್ಟಡದ ಕಂಬಗಳು ಗ್ರೀಕ್ ಮಾದರಿಯವು.

ಹೊಸ ನಕ್ಷೆಯ ಹೊಣೆ ಬಿದ್ದದ್ದು ಸರ್ಕಾರಿ ವಾಸ್ತುಶಿಲ್ಪಿ ಬಿ.ಆರ್. ಮಾಣಿಕ್ಯಂ ಮೇಲೆ. ದೇವಸ್ಥಾನದ ಕಂಬ, ಬೋದಿಗೆ (ಕಂಬದ ತಲೆಯ ಕೆತ್ತನೆಯ ಆಧಾರ), ಚಜ್ಜ (ಹೊರಚಾಚಿದ ಸೂರು)ಗಳನ್ನು ಅವರು ಕಚೇರಿಗೆ ತಂದರು. ಹಾಗಂತ ಇದು ಶುದ್ಧ ದ್ರಾವಿಡ ಶೈಲಿ ಏನಲ್ಲ. ನಡುವಿನ 60 ಅಡಿ ಅಗಲದ ಗುಮ್ಮಟ ನಮ್ಮ ಯಾವ ಹಳೇ ಗುಡಿಯಲ್ಲಿದೆ ಹೇಳಿ? ನನಗಂತೂ ಈ ಬೆರಕೆಯೇ ಇಷ್ಟ.

ಕಟ್ಟಡದ ಉದ್ದ 700 ಅಡಿ, ಅಗಲ 350 ಅಡಿ. ಕಲ್ಲು ಹತ್ತಿರದ್ದೇ: ಬೆಂಗಳೂರಿನ ಸುತ್ತಲಿನ ಬೂದು ಗ್ರಾನೈಟ್, ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಸುಮಾರು 5,000 ಕೂಲಿಗಳು, 1,500 ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು ದುಡಿದರು. ಕೂಲಿಗಳಲ್ಲಿ ಬಹಳ ಜನ ಜೈಲಿನ ಕೈದಿಗಳು. ಪೂರ್ವದ ಬಾಗಿಲಿಗೆ ಹೋಗಲು 45 ಮೆಟ್ಟಿಲು ಹತ್ತಬೇಕು, ಒಂದೊಂದೂ 200 ಅಡಿಗಿಂತ ಅಗಲ. ಮೇಲೆ 40 ಅಡಿ ಎತ್ತರದ ಹನ್ನೆರಡು ಕಂಬ. ಅಷ್ಟು ಹತ್ತಿ ಹೋಗಿ ತಲೆ ಎತ್ತಿದರೆ ಕಾಣುವುದು 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಸಾಲು. ಒಳಗೆ ಸಂಪುಟ ಸಭೆಯ ಕೋಣೆಗೆ ಗಂಧದ ಮರದ ಬಾಗಿಲು.

ಖರ್ಚು ಸುಮಾರು 1.8 ಕೋಟಿ ರೂಪಾಯಿಗೆ ಹೋಯಿತು. ಈಗ ಅದರಲ್ಲಿ ನಗರದೊಳಗೆ ಒಂದು ಒಳ್ಳೆ ಫ್ಲ್ಯಾಟ್ ಬರಬಹುದು, ಆದರೆ ಆಗ ಅದು ದೊಡ್ಡ ಮೊತ್ತ. ದುಂದುವೆಚ್ಚ ಅಂತ ವಿರೋಧಿಗಳು ಮಾತ್ರವಲ್ಲ, ಸ್ವಂತ ಪಕ್ಷದವರೂ ಕೂಗೆಬ್ಬಿಸಿದರು. ವಿಚಾರಣೆಯೂ ನಡೆಯಿತು.

ಕಟ್ಟಡ 1956ರಲ್ಲಿ ಮುಗಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಹನುಮಂತಯ್ಯ ಕುರ್ಚಿ ಕಳೆದುಕೊಂಡರು. ಹಳೇ ಮೈಸೂರಿನ ಹಲವು ನಾಯಕರಿಗೆ ಏಕೀಕರಣ ಬೇಕಿರಲಿಲ್ಲ, ಇವರು ಅದರ ಪರ ನಿಂತಿದ್ದರು. ನವೆಂಬರ್ 1ಕ್ಕೆ ಮುಂಬೈ, ಹೈದರಾಬಾದ್, ಮದ್ರಾಸ್ ರಾಜ್ಯಗಳ ಕನ್ನಡ ಜಿಲ್ಲೆಗಳು ಮತ್ತು ಕೊಡಗು ಬಂದು ಸೇರಿದವು. ಪುಟ್ಟ ಮೈಸೂರಿಗೆ ಅತಿಯಾಯಿತು ಅನ್ನಿಸಿದ್ದ ಸೌಧ ದೊಡ್ಡ ರಾಜ್ಯಕ್ಕೆ ಸರಿಹೋಯಿತು. ಆ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ.

ಆಮೇಲೆ ಇಲ್ಲೂ ಜಾಗ ಸಾಲಲಿಲ್ಲ. ಪಕ್ಕದಲ್ಲೇ ವಿಕಾಸಸೌಧ ಎದ್ದು 2005ರಲ್ಲಿ ತೆರೆಯಿತು. 2012ರಲ್ಲಿ ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಶುರುವಾಯಿತು. ಎರಡೂ ಮಾಣಿಕ್ಯಂ ಅವರ ಕಟ್ಟಡದ ರೂಪವನ್ನೇ ಹೋಲುತ್ತವೆ. ಹೊಸ ರೂಪ ಹುಡುಕುವ ಹನುಮಂತಯ್ಯನವರ ಹಟ ಮಾತ್ರ ಅವುಗಳಲ್ಲಿ ಕಾಣುವುದಿಲ್ಲ.